ಸಮುದ್ರದ ಪಕ್ಕದ ಮನೆಗೆ ಯಾವ ಸೈಡಿಂಗ್ ಒಳ್ಳೇದು ಅಂತ ಕೇಳುವವರಿಗೆ

"ಸಮುದ್ರದ ಹತ್ತಿರ ಮನೆ. ಹೊರಗೋಡೆಗೆ ಯಾವ ಸೈಡಿಂಗ್ ಹಾಕಿಸಲಿ? ಒಂದ್ಸಲ ಹಾಕಿಸಿದ್ರೆ ಮತ್ತೆ ತಿರುಗಿ ನೋಡೋ ಹಾಗಿರಬಾರದು, ಅಂಥದ್ದು ಹೇಳಿ."

ಸೈಡಿಂಗ್ ಅಂದರೆ ಹೊರಗೋಡೆಯ ಮೇಲೆ ಹೊದಿಸುವ ಹಲಗೆ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನನ್ನ ಉತ್ತರ ಫೈಬರ್ ಸಿಮೆಂಟ್ ಹಲಗೆ. ಸಿಮೆಂಟು, ಮರಳು, ಮರದ ನಾರು ಸೇರಿಸಿ ಮಾಡಿದ್ದು. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬೆಂಕಿ ಹತ್ತುವುದಿಲ್ಲ. ವಿನೈಲ್ ಅನ್ನುವ ಪ್ಲಾಸ್ಟಿಕ್ ಹಲಗೆಗೂ ಉಪ್ಪಿನ ಕಾಟವಿಲ್ಲ, ಬಣ್ಣ ಹೊಡೆಸುವ ಕೆಲಸವೂ ಇಲ್ಲ. ಆದರೆ ಬಿರುಗಾಳಿಗೆ ಕಿತ್ತುಬರುವ ಭಯ ಜಾಸ್ತಿ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಬರುವುದಿಲ್ಲ, ನಿಜ. ಉಪ್ಪುಗಾಳಿಗೆ ಬಿಳಿ ಪುಡಿ ಎದ್ದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಮರ ನೋಡಲು ಚೆಂದ, ಆದರೆ ಕೆಲವು ವರ್ಷಕ್ಕೊಮ್ಮೆ ಬಣ್ಣವೋ ಎಣ್ಣೆಯೋ ಕೇಳುತ್ತಲೇ ಇರುತ್ತದೆ.

ಆಯ್ತಲ್ಲ? ಈಗ ಆ "ತಿರುಗಿ ನೋಡೋ ಹಾಗಿರಬಾರದು" ಅನ್ನುವ ಮಾತಿಗೆ ಬರುತ್ತೇನೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಉಪ್ಪುಗಾಳಿ ದಿನಾ ಬಂದು ಗೋಡೆ ನೋಡುತ್ತದೆ. ನೀವು ಮಾತ್ರ ನೋಡುವುದಿಲ್ಲ ಅಂದರೆ ಹೇಗೆ?

ಒಬ್ಬ ಗೆಳೆಯ ಮನೆ ಕಟ್ಟಿಸಿ ನಾಲ್ಕು ವರ್ಷವಾದ ಮೇಲೆ ನನ್ನನ್ನು ಕರೆಸಿದ. ಹಲಗೆಗಳು ಹೊಸದರ ಹಾಗೇ ಇದ್ದವು. ಆದರೆ ಒಂದೊಂದು ಮೊಳೆಯ ಕೆಳಗೂ ಕಂದು ಬಣ್ಣದ ಗೆರೆ, ಅತ್ತ ಕಣ್ಣಿಂದ ಕಾಡಿಗೆ ಇಳಿದ ಹಾಗೆ. ಒಂದು ಮೊಳೆಯನ್ನು ಉಗುರಿನಿಂದ ಕೆದಕಿದೆ. ಅದರ ತಲೆ ಪುಡಿಪುಡಿಯಾಗಿ ಅಂಗೈಗೆ ಬಂತು. ಹಲಗೆಯ ತುದಿ ಒತ್ತಿದರೆ ಕಟಕಟ ಅಂತ ಅಲ್ಲಾಡಿತು.

"ಇಷ್ಟು ದುಡ್ಡು ಕೊಟ್ಟು ತಂದ ಹಲಗೆ, ಹೀಗಾಯ್ತಲ್ಲೋ" ಅಂದ.

ಪಾಪ, ಹಲಗೆ ಏನು ಮಾಡಿತ್ತು? ಹಲಗೆ ಆರಿಸಲು ಅವನು ಮೂರು ತಿಂಗಳು ಓಡಾಡಿದ್ದ. ಮೊಳೆ ಯಾವುದು ಅಂತ ಒಂದು ಸಲವೂ ಕೇಳಿರಲಿಲ್ಲ. ಕೆಲಸದವರು ಕೈಗೆ ಸಿಕ್ಕಿದ, ತೆಳುವಾಗಿ ಸತುವಿನ ಲೇಪ ಕೊಟ್ಟ ಮೊಳೆ ಹೊಡೆದು ಹೋಗಿದ್ದರು. ಕಡಲ ಪಕ್ಕ ಸ್ಟೇನ್‌ಲೆಸ್ ಸ್ಟೀಲ್ ಬೇಕು, ಅದರಲ್ಲೂ 316 ನಂಬರಿನ ದರ್ಜೆಯದು. 304 ಕೂಡ ಸ್ಟೇನ್‌ಲೆಸ್ಸೇ. ಆದರೆ 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಅನ್ನುವ ಲೋಹ ಇರುತ್ತದೆ, ಉಪ್ಪಿನ ಏಟು ತಡೆಯುವ ಬಲ ಅದರಿಂದ ಬರುತ್ತದೆ. "ಸ್ಟೇನ್‌ಲೆಸ್ಸೇ ಸಾರ್" ಅಂತ ಯಾರಾದರೂ ಹೇಳಿದರೆ ತಲೆ ಆಡಿಸಬೇಡಿ. ಡಬ್ಬಿಯ ಮೇಲಿನ ನಂಬರ್ ಓದಿ.

ಅವತ್ತು ಗೆಳೆಯ ಇನ್ನೊಂದು ಮಾತು ಕೇಳಿದ. ಎಲ್ಲರೂ ಇದನ್ನು ಕೇಳಬಾರದೇ ಅಂತ ನನಗೆ ಇವತ್ತಿಗೂ ಅನಿಸುತ್ತದೆ. "ಕಡಲಿಗೆ ಎದುರಾಗಿರೋ ಗೋಡೆ ಪರವಾಗಿಲ್ಲ. ಹಿಂದಿನ ಗೋಡೆ, ಅದೂ ಸೂರಿನ ಅಡಿ, ಯಾಕೆ ಇಷ್ಟು ಕೆಟ್ಟಿದೆ?"

ಸೂರಿನ ಅಡಿ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೋ ಅಂದೆ. ಮುಖ ಕಿವುಚಿದ. ಬರೀ ಉಪ್ಪು. ಎದುರಿನ ಗೋಡೆಗೂ ಉಪ್ಪು ಬೀಳುತ್ತದೆ, ಆದರೆ ಪ್ರತಿ ಮಳೆಯೂ ಅದನ್ನು ತೊಳೆದುಕೊಂಡು ಹೋಗುತ್ತದೆ. ಮಳೆ ತಾಗದ ಕಡೆ ಉಪ್ಪು ಕೂತಲ್ಲೇ ಕೂತು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಯೇ ಕಾಣದ ಮೊಳೆ ಸದಾ ಒದ್ದೆಯಾಗಿರುತ್ತದೆ. ನೆನೆಯುವ ಗೋಡೆ ಉಳಿದು, ಒಣಗಿದ ಹಾಗೆ ಕಾಣುವ ಗೋಡೆ ಮೊದಲು ಹಾಳಾಗುತ್ತದೆ.

ಹಾಗಾಗಿ ಹಲಗೆಯ ಹೆಸರು ಕೇಳುವ ಮೊದಲು ನಿಮ್ಮ ಮನೆಯ ಯಾವ ಗೋಡೆಗೆ ಮಳೆ ತಾಗುವುದಿಲ್ಲ ಅಂತ ನೋಡಿಕೊಳ್ಳಿ. ಹಲಗೆಯ ಹಿಂದೆ 10 ಮಿಲಿಮೀಟರ್ ಆದರೂ ಸಂದು ಬಿಡಿಸಿ, ಒಳಗೆ ಹೋದ ನೀರು ಇಳಿದು ಒಣಗಲಿ. ಹಲಗೆಯ ಕೆಳಗಿನ ಅಂಚು ನೆಲದಿಂದ 150 ಮಿಲಿಮೀಟರ್ ಮೇಲಿರಲಿ. ಫೈಬರ್ ಸಿಮೆಂಟ್ ಕೊಯ್ದ ಅಂಚಿಗೆ ಬಣ್ಣ ಹಚ್ಚದೆ ಕೂರಿಸಲು ಬಿಡಬೇಡಿ. ನೀರು ಕುಡಿಯುವುದು ಅಲ್ಲಿಂದಲೇ.

ಗೆಳೆಯ ಹಿಂದಿನ ಗೋಡೆಯ ಮೊಳೆಗಳನ್ನೆಲ್ಲ ಕೀಳಿಸಿ 316ರ ಸ್ಕ್ರೂ ಹಾಕಿಸಿದ. ಹಲಗೆ ಹಳೆಯದೇ. ಈಗ ತಿಂಗಳಿಗೊಮ್ಮೆ ಸೂರಿನ ಅಡಿಗೆ ಪೈಪಿನಲ್ಲಿ ಸಿಹಿನೀರು ಹಾಯಿಸುತ್ತಾನೆ. ಹಲಗೆಯ ಸಂದಿಗೆ ನೀರು ನುಗ್ಗದ ಹಾಗೆ ಮೇಲಿಂದ ಕೆಳಕ್ಕೆ, ಮೆಲ್ಲಗೆ. ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೊಳ್ಳುತ್ತಾನೆ. ಇನ್ನೂ ಉಪ್ಪೆನಿಸಿದರೆ ಮತ್ತೆ ಪೈಪ್ ಹಿಡಿಯುತ್ತಾನೆ.