ಷರಾ ಕಾಲಮ್ಮಿನ ಕನ್ನಡ

ಮಂಗಳವಾರದಿಂದ ಒಂದೇ ವಾಕ್ಯ ತಲೆಯಲ್ಲಿ ಸುತ್ತುತ್ತಿದೆ: 'ಬ್ಯಾಂಡ್ ಬಂದಿಲ್ಲ, ನಾಳೆ ಮತ್ತ ನೋಡಬೇಕು.' ಪುಣೆಯ ವಿಶ್ವವಿದ್ಯಾಲಯವೊಂದರ ವಿಚಾರಣಾ ಸಮಿತಿಯಲ್ಲಿ ಹೊರಗಿನ ಸದಸ್ಯನಾಗಿ ಕುಳಿತಿದ್ದ ನಾನು ಅದನ್ನು ಗಟ್ಟಿಯಾಗಿ, ತುಸು ಹೆಮ್ಮೆಯಿಂದಲೇ ಓದಿದೆ.

ಎರಡು ಬೇರೆ ಪ್ರಯೋಗಗಳ ಫಲಿತಾಂಶವೆಂದು ಅಚ್ಚಾದ ವೆಸ್ಟರ್ನ್ ಬ್ಲಾಟ್ ಚಿತ್ರಗಳು ಒಂದೇ ಚಿತ್ರದ ಎರಡು ವೇಷಗಳೆಂಬುದು ದೂರು. ಪ್ರೋಟೀನು ಇರುವಲ್ಲಿ ಬ್ಯಾಂಡು, ಅಂದರೆ ಪಟ್ಟಿ, ಮೂಡುವ ಇಂಥ ಚಿತ್ರಗಳಲ್ಲಿ ಪಟ್ಟಿಗಿಂತ ಹಿನ್ನೆಲೆಯ ಕಲೆಗಳನ್ನೇ ನಂಬಬೇಕು, ಏಕೆಂದರೆ ಪ್ರೋಟೀನನ್ನು ಇಳಿಸಿಕೊಳ್ಳುವ ಎರಡು ಬೇರೆ ಪೊರೆಗಳ ಮೇಲೆ ಅವೇ ಚುಕ್ಕೆಗಳು ಅದೇ ಜಾಗಗಳಲ್ಲಿ ಬೀಳುವುದಿಲ್ಲ. 2016ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 20,621 ಪ್ರಬಂಧಗಳನ್ನು ಹೀಗೆ ಕಣ್ಣಿಟ್ಟು ನೋಡಿ, ಶೇಕಡಾ 3.8ರಷ್ಟರಲ್ಲಿ ದೋಷವುಳ್ಳ ಚಿತ್ರಗಳನ್ನು ಗುರುತಿಸಿದ್ದರು. ನಮ್ಮ ಸಮಿತಿಯ ಹಿರಿಯರೊಬ್ಬರು, ಸಜ್ಜನರೇ ಆದರೂ ಗಲಾಟೆಯೆಂದರೆ ಆಗದವರು, ಕೃತಿಚೌರ್ಯ ಹುಡುಕುವ ತಂತ್ರಾಂಶದ ವರದಿ ಮುಂದಿಟ್ಟು ಬೇರೆ ಬರಹಗಳೊಂದಿಗಿನ ಹೋಲಿಕೆ ಶೇಕಡಾ 10ನ್ನು ದಾಟಿಲ್ಲವೆಂದರು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಅಷ್ಟಕ್ಕೆ ದಂಡನೆಯಿಲ್ಲ, ನಿಜ. ಆದರೆ ಸ್ವಂತ ಮಾತುಗಳಲ್ಲಿ ಬರೆದ ಸುಳ್ಳಿಗೆ ಹೋಲಿಕೆ ಎಲ್ಲಿಂದ ಬರಬೇಕು?

ಆಗ ಚಿತ್ರಣ ಯಂತ್ರದ ರಿಜಿಸ್ಟರಿನ ಒಂದು ಪುಟದ ಪ್ರತಿ ಮೇಜಿಗೆ ಬಂತು. ಹೆಸರಿನ ಕಾಲಮ್ಮಿಗೆ ಕಚೇರಿಯವರು ಕಪ್ಪು ಶಾಯಿ ಬಳಿದಿದ್ದರು. ಷರಾ ಕಾಲಮ್ಮಿನಲ್ಲಿದ್ದ ಕನ್ನಡ ಮಾತ್ರ ಯಾರಿಗೂ ತಿಳಿಯದ್ದರಿಂದ ಹಾಗೆಯೇ ಉಳಿದಿತ್ತು. ಸಂಚಾಲಕರು 'ಹೀ ತುಮಚೀ ಕಾನಡೀ ನಾ? ವಾಚಾ ಬಘೂ' (ಇದು ನಿಮ್ಮ ಕನ್ನಡ ಅಲ್ಲವೇ? ಓದಿ ನೋಡೋಣ) ಎಂದು ಮರಾಠಿಯಲ್ಲಿ ಅಂದರು. ನಾನು ಓದಿ, ಅರ್ಥ ಹೇಳಿದೆ. ಅಚ್ಚಾದ ಬ್ಯಾಂಡು ದೊರೆಯಿತೆಂದು ದಾಖಲೆಯಲ್ಲಿ ತೋರಿಸಿದ್ದ ದಿನವೇ ಅದು. ಅಲ್ಲಿಗೆ ನಿಲ್ಲಿಸಬಹುದಿತ್ತು. 'ಮತ್ತ ಎಂದು ಬರೆದಿದ್ದಾರೆ ನೋಡಿ, ಉತ್ತರ ಕರ್ನಾಟಕದವರೇ ಇರಬೇಕು' ಎಂದು ನನ್ನ ಪಾಂಡಿತ್ಯವನ್ನೂ ಸೇರಿಸಿದೆ.

ಎದುರಿಗಿದ್ದ, ಆ ಪ್ರಯೋಗಾಲಯದ ಮಾರ್ಗದರ್ಶಕರು ಅಲ್ಲಿಯವರೆಗೆ 'ದೂರು ಕೊಟ್ಟವರು ಯಾರು' ಎಂದು ಮೂರು ಸಲ ಕೇಳಿದ್ದರು. ಚಿತ್ರ ಹೇಗೆ ಹಾಗಾಯಿತೆಂದು ಒಮ್ಮೆಯೂ ಆಶ್ಚರ್ಯಪಟ್ಟಿರಲಿಲ್ಲ. ನನ್ನ ಮಾತಿನ ನಂತರ ಅವರು ನಾಲ್ಕನೆಯ ಸಲ ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕುಳಿತರು.

ಷರಾ ಬರೆದ ಆ ವಿದ್ಯಾರ್ಥಿ ಹುಡುಗನೋ ಹುಡುಗಿಯೋ ನನಗೆ ಗೊತ್ತಿಲ್ಲ. ಪರ ಊರಿನ ಸಭೆಯಲ್ಲಿ ನಮ್ಮ ಲಿಪಿ ಕಂಡ ಸಂತೋಷ ಬಾಯಿ ಬಿಡಿಸಿತೆಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಅರ್ಥವನ್ನು ಚೀಟಿಯಲ್ಲಿ ಬರೆದು ಸಂಚಾಲಕರ ಕೈಗೆ ಕೊಡಲು ಅರ್ಧ ನಿಮಿಷ ಸಾಕಿತ್ತು. ಗೋಪ್ಯತೆಯೆಂದರೆ ಹೆಸರಿಗೆ ಶಾಯಿ ಬಳಿಯುವುದೆಂದು ನಾವೆಲ್ಲ ನಂಬಿದ್ದೆವು. ಐದಾರು ಜನರ ಪ್ರಯೋಗಾಲಯದಲ್ಲಿ ಕೈಬರಹವೂ ಹೆಸರೇ, ಒಂದು ಅಕ್ಷರದ ಎಳೆತವೂ ಹೆಸರೇ. ಇಲ್ಲಿ ಬರೆಯುವಾಗ ಆ ಷರಾವನ್ನೂ ಸೀಮೆಯನ್ನೂ ಬದಲಿಸಿದ್ದೇನೆ. ಈ ಎಚ್ಚರ ಅಂದು ಇರಲಿಲ್ಲ.

ಬುಧವಾರ ಸಂಚಾಲಕರಿಗೆ ಪತ್ರ ಬರೆದು, ಮೂಲ ರಿಜಿಸ್ಟರನ್ನೂ ಯಂತ್ರದ ಗಣಕದ ಕಡತಗಳನ್ನೂ ಕೂಡಲೇ ಮೊಹರು ಮಾಡಿ ವಶಕ್ಕೆ ಪಡೆಯಬೇಕೆಂದೂ, ತೀರ್ಮಾನಕ್ಕೆ ಕಾಯದೆ ಆ ವಿದ್ಯಾರ್ಥಿಗೆ ಬೇರೆ ಮಾರ್ಗದರ್ಶಕರನ್ನು ಕೊಡಬೇಕೆಂದೂ, ಗುರುತು ಹೊರಬಿದ್ದುದರಲ್ಲಿ ನನ್ನ ತಪ್ಪನ್ನು ನಡಾವಳಿಯಲ್ಲಿ ದಾಖಲಿಸಬೇಕೆಂದೂ ಕೇಳಿದೆ. 'ವರದಿ ಬರಲಿ, ನೋಡೋಣ' ಎಂದು ಫೋನಿನಲ್ಲಿ ಉತ್ತರ ಬಂತು. ಈ ತಿಂಗಳ ಫೆಲೋಶಿಪ್ ಪತ್ರಕ್ಕೆ ಆ ಮಾರ್ಗದರ್ಶಕರ ಸಹಿಯೇ ಬೇಕು.