ಅಲನ್ ಬ್ರೂಕ್ ಸೇವಾಪಟ್ಟಿ: ಕೆಲಸ 1940ರ ಜೂನ್ ಮುಟ್ಟಿದೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಮುಖ್ಯಸ್ಥರಾಗಿದ್ದ ಫೀಲ್ಡ್ ಮಾರ್ಷಲ್ ಅಲನ್ ಬ್ರೂಕ್ ಅವರ ಸೇವೆಯನ್ನು ಎಕ್ಸೆಲ್ ಹಾಳೆಗೂ ನಕಾಶೆಗೂ ಇಳಿಸುವ ಕೆಲಸದಲ್ಲಿ ಮೊದಲ ಮಹಾಯುದ್ಧದ ಭಾಗ ಮುಗಿದಿದೆ. ಎರಡನೆಯದರಲ್ಲಿ ಡನ್‌ಕರ್ಕ್ (1940ರಲ್ಲಿ ಬ್ರಿಟಿಷ್ ಸೈನ್ಯ ಫ್ರಾನ್ಸಿನಿಂದ ಹಡಗು ಹತ್ತಿ ಪಾರಾದ ಬಂದರು) ದಾಟಿದ್ದೇವೆ.

ಹಾಳೆಯನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮೊದಲು 'ದರ್ಜೆ' ಅಂತ ಒಂದೇ ಕಾಲಂ ಇತ್ತು, ಅದು ಸಾಲದು. ಬ್ರಿಟಿಷ್ ಸೈನ್ಯದಲ್ಲಿ ಒಬ್ಬ ಅಧಿಕಾರಿಗೆ ಕಾಯಂ ದರ್ಜೆ ಒಂದು, ಬ್ರೆವೆಟ್ (ಗೌರವಕ್ಕೆ ಕೊಡುವ ಮೇಲಿನ) ದರ್ಜೆ ಇನ್ನೊಂದು, ತಾತ್ಕಾಲಿಕ ದರ್ಜೆ ಮತ್ತೊಂದು ಇರಬಹುದು. ನಿಭಾಯಿಸುತ್ತಿದ್ದ ಹುದ್ದೆ ಇವೆಲ್ಲಕ್ಕಿಂತ ಬೇರೆ. ಹಾಗಾಗಿ ಈಗ ನಾಲ್ಕು ಕಾಲಂ. ದಿನಾಂಕಕ್ಕೂ ಎರಡು: ಸರ್ಕಾರಿ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಅಚ್ಚಾದ ದಿನ, ಬಡ್ತಿ ಜಾರಿಯಾದ ದಿನ. ಯುದ್ಧಕಾಲದಲ್ಲಿ ಇವೆರಡರ ನಡುವೆ ತಿಂಗಳುಗಟ್ಟಲೆ ಅಂತರ ಬೀಳುತ್ತಿತ್ತು. ಅಚ್ಚಾದ ದಿನವನ್ನೇ ನಂಬಿದರೆ ಸಾಲುಗಳು ಒಂದರ ಮೇಲೊಂದು ಏರಿ ಕೂರುತ್ತವೆ.

'ಬ್ರಿಗೇಡ್' ಅನ್ನುವ ಪದವಂತೂ ತುಂಬ ದಾರಿ ತಪ್ಪಿಸುತ್ತದೆ. ಕಾಲಾಳುಗಳ ಬ್ರಿಗೇಡ್ ಎಂದರೆ ಹಲವು ಬೆಟಾಲಿಯನ್‌ಗಳು ಸೇರಿದ್ದು. ಫೀಲ್ಡ್ ಆರ್ಟಿಲರಿ ಬ್ರಿಗೇಡ್ ಒಬ್ಬ ಲೆಫ್ಟಿನೆಂಟ್ ಕರ್ನಲ್ ಕೈಕೆಳಗಿನ ಸಣ್ಣ ಘಟಕ. 1914ರಲ್ಲಿ ಆರಾರು ತೋಪಿನ ಮೂರು ಬ್ಯಾಟರಿ, ಒಟ್ಟು 18 ತೋಪು. 1938ರಲ್ಲಿ ಇದೇ 'ರೆಜಿಮೆಂಟ್' ಆಯಿತು. ಇನ್ನು 'ಬ್ರಿಗೇಡ್ ಮೇಜರ್' ಯಾವ ಬ್ರಿಗೇಡಿನ ದಂಡನಾಯಕನೂ ಅಲ್ಲ. ಯೋಜನೆ ಹಾಕಿ ಆದೇಶ ಬರೆಯುವ ಸ್ಟಾಫ್ ಅಧಿಕಾರಿ. 18ನೇ ಡಿವಿಜನ್‌ನ ಫಿರಂಗಿದಳದಲ್ಲಿ ಬ್ರೂಕ್ ಇದ್ದದ್ದು ಈ ಹುದ್ದೆಯಲ್ಲಿ.

ಶುರುವಿನ ಸಾಲುಗಳು ಸರಳ. 1902ರ ಡಿಸೆಂಬರ್‌ನಲ್ಲಿ ವುಲಿಚ್‌ನ ಸೈನಿಕ ಅಕಾಡೆಮಿಯಿಂದ ಸೆಕೆಂಡ್ ಲೆಫ್ಟಿನೆಂಟ್, ಐರ್ಲೆಂಡ್, 1906ರಿಂದ ಭಾರತ. 1914ರಲ್ಲಿ ಫ್ರಾನ್ಸಿಗೆ ಹೋದದ್ದು ಸಿಕಂದರಾಬಾದ್ ಅಶ್ವದಳದ ಬ್ರಿಗೇಡಿನ ಮದ್ದುಗುಂಡು ಸಾಗಣೆ ತುಕಡಿಯೊಂದಿಗೆ. ಈ ಸಾಲನ್ನು ಹಗುರವಾಗಿ ದಾಟಬಾರದು. ಬ್ಯಾಟರಿಗಳಿಗೆ ಶೆಲ್ ತಲುಪಿಸುವ ಕಷ್ಟ ಕಂಡವರು ಮುಂದೆ ಬರೆದ ಗುಂಡಿನ ಯೋಜನೆಗಳನ್ನು ಅದೇ ಲೆಕ್ಕದಿಂದ ಓದಬೇಕು.

ಹೆಚ್ಚು ಸಮಯ ಹಿಡಿದದ್ದು ಫ್ರಾನ್ಸಿನಲ್ಲಿ ನಡೆದ 1916ರ ಸೋಮ್ ಕದನದ ನಕಾಶೆ. ಕಾಲಾಳುಗಳ ಮುಂದೆ ಹಂತ ಹಂತವಾಗಿ ಸರಿಯುವ ಗುಂಡಿನ ಪರದೆಯನ್ನು ಬ್ರೂಕ್ ಫ್ರೆಂಚರಿಂದ ಕಲಿತು 18ನೇ ಡಿವಿಜನ್‌ಗೆ ಅಳವಡಿಸಿದರು. ಅವರೇ ಕಂಡುಹಿಡಿದರು ಅನ್ನುವುದು ತಪ್ಪು. ಆ ಹೊತ್ತಿಗೆ ಹಲವರು ಇದನ್ನು ಪ್ರಯೋಗಿಸುತ್ತಿದ್ದರು. 1917ರಲ್ಲಿ ಕೆನಡಾ ಕೋರ್‌ಗೆ (ಕೋರ್ ಎಂದರೆ ಹಲವು ಡಿವಿಜನ್‌ಗಳು ಸೇರಿದ್ದು) ಹೋದ ಮೇಲೆ, ಏಪ್ರಿಲ್ 9ರಂದು ಫ್ರಾನ್ಸಿನ ವಿಮಿ ದಿಬ್ಬದ ಮೇಲಿನ ದಾಳಿಯಲ್ಲಿ ಪರದೆ 3 ನಿಮಿಷಕ್ಕೆ 100 ಗಜದಂತೆ ಸರಿಯಿತು. ಗಂಟೆಗೆ ಎರಡು ಕಿಲೋಮೀಟರ್ ಕೂಡ ಆಗದು, ಆದರೆ ಗುಂಡಿಬಿದ್ದ ಕೆಸರಲ್ಲಿ ಹೊರೆ ಹೊತ್ತವರ ನಡಿಗೆ ಅಷ್ಟೇ.

1:10,000 ನಕಾಶೆಯಲ್ಲಿ 100 ಗಜ ಎಂದರೆ 9.1 ಮಿ.ಮೀ. ಇದನ್ನು 10 ಮಿ.ಮೀ. ಅಂತ ದುಂಡಾಗಿಸಿ ಗೆರೆ ಎಳೆದರೆ ಹತ್ತನೇ ಹಂತಕ್ಕೆ ಪರದೆ 86 ಮೀಟರ್ ಮುಂದೆ ಓಡಿರುತ್ತದೆ, ಹೆಚ್ಚುಕಡಿಮೆ ಒಂದು ಪೂರ್ತಿ ಹಂತ. ಕಂದಕ ನಕಾಶೆಯ ಸಂಕೇತದಲ್ಲೂ ಎಡವುವುದು ಸುಲಭ. A.8.d.4.7 ಅಂದರೆ A ಚೌಕದ 8ನೇ ಮನೆ, ಅದರ d ಕಾಲುಭಾಗ, ಅದರ ನೈಋತ್ಯ ಮೂಲೆಯಿಂದ ಮೊದಲು ಪೂರ್ವಕ್ಕೆ 4, ಆಮೇಲೆ ಉತ್ತರಕ್ಕೆ 7. ಒಂದೊಂದು ಅಂಕಿಗೂ 50 ಗಜ. 4-7 ಅನ್ನು 7-4 ಅಂತ ಓದಿದರೆ ಬಿಂದು 200 ಗಜಕ್ಕೂ ಹೆಚ್ಚು ಜರುಗಿ ಶತ್ರುವಿನ ಕಂದಕ ನಮ್ಮವರ ಕಡೆ ಬಂದುಬಿಡುತ್ತದೆ.

ಪಕ್ಕದಲ್ಲಿ ಗುಂಡಿನ ಲೆಕ್ಕವನ್ನೂ ಇಟ್ಟಿದ್ದೇವೆ. ಆಗಿನ ಬ್ರಿಟಿಷ್ ತೋಪು 18 ಪೌಂಡರ್‌ನ ಶೆಲ್ಲಿನ ತೂಕ 8.4 ಕಿಲೋ. ತೋಪಿಗೆ 10 ಗಜದಂತೆ ಹಂಚಿದರೆ 18 ತೋಪುಗಳ ಬ್ರಿಗೇಡ್ 180 ಗಜ ಮುಚ್ಚುತ್ತದೆ. ಒಂದೊಂದು ತೋಪೂ ನಿಮಿಷಕ್ಕೆ 4 ಸುತ್ತು ಹಾರಿಸಿದರೆ 3 ನಿಮಿಷದ ಒಂದು ಹಂತಕ್ಕೆ 216 ಶೆಲ್, ಅಂದರೆ 1.8 ಟನ್. ಅದೆಲ್ಲ ಕುದುರೆಗಾಡಿಯಲ್ಲಿ ಬರಬೇಕು.

ಎರಡು ಯುದ್ಧಗಳ ನಡುವಿನ ಸಾಲುಗಳಲ್ಲಿ ತೊಡಕಿಲ್ಲ: ಕ್ಯಾಂಬರ್ಲಿ ಸ್ಟಾಫ್ ಕಾಲೇಜು, 1929ರಿಂದ 1932 ಲಾರ್ಕ್‌ಹಿಲ್ ಫಿರಂಗಿ ಶಾಲೆಯ ಮುಖ್ಯಸ್ಥ, 1935ರಲ್ಲಿ ಫಿರಂಗಿದಳದ ಇನ್‌ಸ್ಪೆಕ್ಟರ್, 1937ರಲ್ಲಿ ಮೊಬೈಲ್ ಡಿವಿಜನ್, ಆಮೇಲೆ ವಿಮಾನ ನಿರೋಧಕ ದಳ. 1940ರ ಮೇ ಮತ್ತು ಜೂನ್ ಮಾತ್ರ ದಿನ ದಿನಕ್ಕೂ ಒಂದು ಸಾಲು ಬೇಡುತ್ತವೆ. ಮೇ 30ಕ್ಕೆ ಎರಡನೇ ಕೋರ್ ಅನ್ನು ಮಾಂಟ್ಗೊಮರಿಗೆ ಒಪ್ಪಿಸಿ ಹೊರಟವರು ಜೂನ್ 12ಕ್ಕೆ ಶೆರ್ಬೂರ್‌ನಲ್ಲಿ ಮತ್ತೆ ಇಳಿದರು, ಈ ಬಾರಿ ಬೇರೆ ಹುದ್ದೆಯಲ್ಲಿ. ಜೂನ್ 18ಕ್ಕೆ ಮತ್ತೆ ಫ್ರಾನ್ಸ್ ಬಿಟ್ಟರು. ಇವನ್ನು ಒಂದೇ ಸಾಲಾಗಿ ಬರೆದರೆ ಎರಡನೇ ಸಲ ಹೋದದ್ದೇ ಮಾಯವಾಗುತ್ತದೆ.

ಇಲ್ಲಿಂದ ಮುಂದೆ ಅವರ ದಿನಚರಿ ಮುಖ್ಯ ಆಧಾರ. ಆಯಾ ರಾತ್ರಿ ಬರೆದದ್ದಕ್ಕೆ 1950ರ ದಶಕದಲ್ಲಿ ತಾವೇ ಟಿಪ್ಪಣಿ ಸೇರಿಸಿದ್ದಾರೆ. ಎರಡೂ ಬೆರೆತರೆ ಹಿನ್ನೋಟದ ತೀರ್ಮಾನ ಆ ದಿನದ ಮಾತಾಗಿಬಿಡುತ್ತದೆ. ದಿನಚರಿಗೆ ನೀಲಿ, ಟಿಪ್ಪಣಿಗೆ ಕೆಂಪು ಬಣ್ಣ ಕೊಟ್ಟಾಗಿದೆ. 1945ರ ನಂತರದ ದಾಖಲೆಗಳನ್ನು 'ಬ್ರೂಕ್' ಜೊತೆಗೆ, ಆ ವರ್ಷ ಸಿಕ್ಕ ಲಾರ್ಡ್ ಪದವಿಯ 'ಅಲನ್‌ಬ್ರೂಕ್' ಹೆಸರಲ್ಲೂ ಹುಡುಕಬೇಕು. ಮುಂದಿನ ಸಾಲು 1940ರ ಜುಲೈ, ಬ್ರಿಟನ್ನಿನ ನೆಲ ಕಾಯುವ ಹೋಮ್ ಫೋರ್ಸಸ್.