ಟಿಂಡ್ರಮ್‌ನಲ್ಲಿ ನಾಲ್ಕು ಗಂಟೆ

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದು ಒಂಬತ್ತು ವರ್ಷವಾಯಿತು. ಭಾನುವಾರ ಮನೆಗೆ ಫೋನ್ ಮಾಡುವುದನ್ನು ನಾನು ತಪ್ಪಿಸಿದ್ದು ತೀರಾ ಕಡಿಮೆ. ಬೇಸಿಗೆಯಲ್ಲಿ ಇಲ್ಲಿಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ನಾನು ಮಧ್ಯಾಹ್ನದ ಊಟ ಮುಗಿಸಿ ಕೂರುವಾಗ ನಮ್ಮೂರು ಸಾಗರದಲ್ಲಿ ಬಿಸಿಲು ಇಳಿದಿರುತ್ತದೆ. ಮಾತು ಈಗಷ್ಟೇ ಹದಕ್ಕೆ ಬಂತು ಅನ್ನುವಾಗ ಅಮ್ಮ ಹೇಳುತ್ತಾಳೆ, "ಮುಸ್ಸಂಜೆ ಆಯ್ತು ಪುಟ್ಟಿ, ದೀಪ ಹಚ್ಬೇಕು. ಇಡ್ತೀನಿ." ಅಪ್ಪ ಫೋನಿಗೆ ಬರುವುದು ಒಂದೇ ನಿಮಿಷ. "ಆರಾಮಾ? ತಗೋ, ಅಮ್ಮನ ಹತ್ರ ಮಾತಾಡು."

ಈ ವರ್ಷ ಇಬ್ಬರೂ ವಿಸಿಟರ್ ವೀಸಾದಲ್ಲಿ ಬಂದರು. ಜೂನ್ ಕೊನೆಯಲ್ಲಿ ನನಗೆ ಐದು ದಿನ ರಜೆ ಸಿಕ್ಕಿತು. ಎಡಿನ್‌ಬರೋದ ಕೋಟೆ ಆಗಲೇ ತೋರಿಸಿದ್ದೆ. ಸಾಲಿನಲ್ಲಿ ನಿಂತು ಅಮ್ಮನ ಕಾಲು ಊದಿಕೊಂಡಿತ್ತು. ಈ ಸಲ ನೋಡುವ ಜಾಗಗಳ ಪಟ್ಟಿಯೇ ಬೇಡ, ರೈಲಿನಲ್ಲಿ ಕೂತು ಪಶ್ಚಿಮದ ಕಡಲ ತನಕ ಹೋಗಿಬರೋಣ ಅಂದುಕೊಂಡೆ. ಗ್ಲಾಸ್ಗೋದಿಂದ ಮ್ಯಾಲೆಗ್‌ಗೆ ಹೋಗುವ ರೈಲು ಐದು ಗಂಟೆಗೂ ಜಾಸ್ತಿ ಹೊತ್ತು ಬೆಟ್ಟ, ಕೆರೆ, ಜೌಗು ನೆಲದ ನಡುವೆ ಸಾಗುತ್ತದೆ. ಮ್ಯಾಲೆಗ್‌ಗಿಂತ ಸ್ವಲ್ಪ ಮೊದಲು ಸಿಗುವ ಅರಿಸೇಗ್ ಎಂಬ ಹಳ್ಳಿಯಲ್ಲಿ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ.

ಬೆಳಗಿನ ರೈಲು. ಅಮ್ಮ ಚಪಾತಿ, ಪಲ್ಯ, ಮೊಸರನ್ನ ಕಟ್ಟಿಕೊಂಡಿದ್ದಳು. ಅಪ್ಪನಿಗೆ ಕೂತಲ್ಲಿ ಕೂರಲು ಆಗದು. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿಂತೇ ದುಡಿದವರು. ಲಾಕ್ ಲೋಮಂಡ್ ಕೆರೆ ಕಿಟಕಿಯ ಪಕ್ಕದಲ್ಲೇ ಓಡುತ್ತಿದ್ದಾಗ, "ಮುಂದಿನ ಬೋಗಿ ತನಕ ಹೋಗಿ ಬರ್ತೀನಿ" ಎಂದು ಎದ್ದರು. ನಾನು ಅಮ್ಮನ ಜೊತೆ ಮಾತಿಗೆ ಕೂತೆ.

ಈಗ ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ. ಈ ರೈಲು ಕ್ರಿಯನ್‌ಲಾರಿಕ್ ಎಂಬ ನಿಲ್ದಾಣದಲ್ಲಿ ಎರಡಾಗುತ್ತದೆ. ಒಂದು ಭಾಗ ಓಬನ್ ಊರಿಗೆ, ಇನ್ನೊಂದು ಮ್ಯಾಲೆಗ್‌ಗೆ. ನನ್ನ ಟಿಕೆಟ್ ಮೇಲೆ ಅದು ಎಲ್ಲೂ ಇರಲಿಲ್ಲ. ಟಿಕೆಟ್ ಕೊಟ್ಟವರೂ ಹೇಳಲಿಲ್ಲ. ಮೈಕಿನಲ್ಲಿ ಹೇಳಿರಬೇಕು, ಮಾತಿನ ಭರದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ರೈಲು ಸುಮಾರು ಹೊತ್ತು ನಿಂತಿತ್ತು. ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದ ಅಮ್ಮ ಒಮ್ಮೆಲೇ ನನ್ನ ಕೈ ಹಿಡಿದಳು. "ಪುಟ್ಟೀ, ಮುಂದಿನ ಬೋಗಿ ಬೇರೆ ಹೋಗ್ತಾ ಇದೆಯಲ್ಲೇ! ಅಪ್ಪ ಎಲ್ಲಿ?"

ಅಪ್ಪನ ಫೋನಿನಲ್ಲಿ ಊರಿನ ಸಿಮ್. ಇಲ್ಲಿಯ ಸಿಮ್ ಹಾಕಿಕೊಡುತ್ತೇನೆ ಎಂದು ಮೂರು ವಾರದಿಂದ ಹೇಳುತ್ತಲೇ ಇದ್ದೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ಬಂದ ದಿನವೇ ಆ ಕೆಲಸ ಮುಗಿಸಿ. ನಿಮ್ಮ ನಂಬರ್ ಮತ್ತು ಇಳಿಯುವ ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿ. ಈ ದಾರಿಯಲ್ಲಿ ಹೋಗುವುದಾದರೆ ಹತ್ತುವಾಗಲೇ ನಿಮ್ಮ ಬೋಗಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ.

ಗಾರ್ಡ್ ಹತ್ತಿರ ಓಡಿದೆ. ನಲವತ್ತರ ಆಸುಪಾಸಿನ ಹೆಂಗಸು. ನನ್ನ ಮಾತು ಪೂರ್ತಿ ಮುಗಿಯುವ ಮೊದಲೇ ಅವರಿಗೆ ಅರ್ಥವಾಯಿತು. ಆ ಕಡೆಯ ಗಾರ್ಡ್‌ಗೆ ಫೋನ್ ಹಚ್ಚಿದರು. ಅಪ್ಪನ ಬಟ್ಟೆ ಬಣ್ಣ ಕೇಳಿದರು. ನೀಲಿ ಸ್ವೆಟರ್, ಕೈಯಲ್ಲಿ ಕೊಡೆ ಎಂದೆ. ಒಂದು ನಿಮಿಷದ ಮೇಲೆ, "ಸಿಕ್ಕಿದ್ದಾರೆ, ಮುಂದಿನ ನಿಲ್ದಾಣದಲ್ಲಿ ಇಳಿಸುತ್ತಾರೆ. ನೀವೂ ಮುಂದಿನದರಲ್ಲಿ ಇಳಿಯಿರಿ. ಎರಡೂ ಒಂದೇ ಊರು" ಎಂದರು.

ಅದು ಟಿಂಡ್ರಮ್. ಒಂದು ಸುತ್ತಿನಲ್ಲಿ ನಡೆದು ಮುಗಿಸಬಹುದಾದ ಹಳ್ಳಿ, ಆದರೆ ಎರಡು ರೈಲು ನಿಲ್ದಾಣ ಇವೆ. ಓಬನ್ ಹಳಿಗೆ ಕೆಳಗಿನದು, ನಮ್ಮ ಹಳಿಗೆ ಗುಡ್ಡದ ಮೇಲಿನದು. ಕ್ರಿಯನ್‌ಲಾರಿಕ್ ದಾಟಿದ ಮೇಲೆ ಎರಡು ಹಳಿಗಳೂ ಒಂದೇ ಕಣಿವೆಯ ಎರಡು ಬದಿಯಲ್ಲಿ ಹೋಗುತ್ತವೆ. ಮರಗಳ ಸಂದಿಯಲ್ಲಿ ಆಚೆ ಬದಿಯ ರೈಲು ಒಂದು ಗಳಿಗೆ ಕಂಡಿತು, ಬೆಂಕಿಪೊಟ್ಟಣದಷ್ಟು. ಅಮ್ಮ ಆ ಕಡೆಗೆ ಕೈ ಮುಗಿದಳು.

ಇಳಿಯುವಾಗ ಗಾರ್ಡ್ ನಮ್ಮ ಟಿಕೆಟ್ ಹಿಂದೆ ಏನೋ ಬರೆದು ಸಹಿ ಹಾಕಿದರು, ಮುಂದಿನ ರೈಲಿಗೂ ಅದೇ ನಡೆಯಲಿ ಎಂದು. ಮುಂದಿನ ರೈಲು ನಾಲ್ಕು ಗಂಟೆ ಬಿಟ್ಟು. ಸೂಟ್‌ಕೇಸ್ ಎಳೆದುಕೊಂಡು ಗುಡ್ಡ ಇಳಿದೆವು. ಜಿಟಿಜಿಟಿ ಮಳೆ. ಕೆಳಗಿನ ನಿಲ್ದಾಣದ ಬೆಂಚಿನ ಮೇಲೆ ಅಪ್ಪ ಕೊಡೆ ಬಿಚ್ಚಿಕೊಂಡು ನೆಟ್ಟಗೆ ಕೂತಿದ್ದರು. ಅಮ್ಮ ಹೋಗಿ ಪಕ್ಕದಲ್ಲಿ ಕೂತು ಅವರ ತೋಳು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಬಸ್ಸು ಬಿಡೋ ಮುಂಚೆ ತಲೆ ಎಣಿಸ್ಬೇಕು ಪುಟ್ಟಿ" ಎಂದರು ಅಪ್ಪ. ಸಿಟ್ಟಿರಲಿಲ್ಲ, ಕೆಲಸ ಕಲಿಸುವವರ ಹಾಗೆ ಹೇಳಿದರು.

ಅಲ್ಲೇ ಬುತ್ತಿ ಬಿಚ್ಚಿದೆವು. ಗ್ಲಾಸ್ಗೋ ಹತ್ತಿರದಿಂದ ಫೋರ್ಟ್ ವಿಲಿಯಂ ತನಕ 154 ಕಿಲೋಮೀಟರ್ ನಡೆಯುವ ಕಾಲುದಾರಿ ಈ ಊರಿನ ಮೂಲಕವೇ ಹೋಗುತ್ತದೆ. ಬೆನ್ನಿಗೆ ದೊಡ್ಡ ಚೀಲ ಹೊತ್ತವರು ಕೈ ಎತ್ತಿ ನಮಸ್ಕರಿಸಿ ಹೋಗುತ್ತಿದ್ದರು. ಅಪ್ಪನೂ ಎಲ್ಲರಿಗೂ ಕೈ ಎತ್ತಿದರು. ಆಮೇಲೆ, ನಾನು ಯಾವತ್ತೂ ಕೇಳಿರದ ಒಂದು ಕತೆ ತೆಗೆದರು.

"ಒಂದು ಮಳೆಗಾಲ. ಸೊರಬದ ಟ್ರಿಪ್ಪು. ಅರ್ಧ ದಾರಿಗೆ ಬಂದ್ಮೇಲೆ ಒಬ್ರು ಅಜ್ಜಿ ಹೊಸನಗರಕ್ಕೆ ಟಿಕೆಟ್ ಕೇಳಿದ್ರು. ಬಸ್ಸು ತಪ್ಪಿ ಹತ್ತಿದ್ರು. ಮಗಳ ಬಾಣಂತನಕ್ಕೆ ಹೊರಟಿದ್ದು, ಮಡಿಲಲ್ಲಿ ತುಪ್ಪದ ತಂಬಿಗೆ. ಆ ಸುರಿಯೋ ಮಳೇಲಿ ಇಳಿಸೋದು ಹೇಗೆ? ಎದುರಿಗೆ ಸಾಗರದ ಬಸ್ಸು ಬರೋ ತನಕ ಹಾಗೇ ಕರ್ಕೊಂಡು ಹೋದೆ. ಕೈ ಅಡ್ಡ ಹಾಕಿ ನಿಲ್ಲಿಸ್ದೆ. ಆ ಕಂಡಕ್ಟರ್ ಕೈಗೆ ಒಪ್ಪಿಸಿ, ಸಾಗರದಲ್ಲಿ ಹೊಸನಗರದ ಬಸ್ಸು ಹತ್ತಿಸಿಯೇ ನೀನು ಚಾ ಕುಡೀಬೇಕು ಅಂದೆ."

"ಹತ್ತಿಸಿದ್ರಾ?" ಅಮ್ಮ ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ.

"ಹತ್ತಿಸ್ದೆ ಇರ್ತಾನಾ? ಇವತ್ತು ನನ್ನನ್ನ ಇಳಿಸಿದ ಹುಡುಗನೂ ಹಾಗೇ. ನಾನು ಬೆಂಚಲ್ಲಿ ಕೂತ್ಮೇಲೇ ಅವನು ಬಾಗಿಲು ಹಾಕಿದ್ದು."

ಮಳೆ ನಿಂತಿತು. ಅಮ್ಮ ಬೆಂಚಿಗೆ ಒರಗಿ ಕಣ್ಣು ಮುಚ್ಚಿದಳು. ಅಪ್ಪ ಹಳಿ ನೋಡುತ್ತಾ ಕೇಳಿದರು, "ನೀನು ದಿನಾ ರಾತ್ರಿ ಯಾರ ಜೊತೆ ಊಟ ಮಾಡ್ತೀಯ?"

"ಯಾರೂ ಇಲ್ಲಪ್ಪ. ಫೋನ್ ಎದುರಿಗೆ ಇಟ್ಕೊಂಡು ಏನಾದ್ರೂ ನೋಡ್ತಾ ಮಾಡ್ತೀನಿ."

"ಹೂಂ." ತುಂಬಾ ಹೊತ್ತು ಬಿಟ್ಟು ಹೇಳಿದರು. "ಫೋನಲ್ಲಿ ನಂಗೆ ಮಾತು ಹೊಳೆಯಲ್ಲ ಪುಟ್ಟಿ. ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅಂತೀಯ. ಆಮೇಲೆ ಎಂತ ಕೇಳೋದು? ಅದಕ್ಕೇ ಅಮ್ಮನ ಕೈಗೆ ಕೊಡ್ತೀನಿ. ಹೀಗೆ ಪಕ್ಕದಲ್ಲಿ ಕೂತ್ರೆ ಬರುತ್ತೆ."

ಒಂಬತ್ತು ವರ್ಷ ನಾನು ಅಪ್ಪನಿಗೆ ಮಾತಾಡಲು ಇಷ್ಟವಿಲ್ಲ ಅಂದುಕೊಂಡಿದ್ದೆ. ಅಲ್ಲಿಂದ ಮುಂದೆ ರೈಲು ಬರುವ ತನಕ ಅವರು ಕೇಳಿದ್ದಕ್ಕೆಲ್ಲ ಹೇಳಿದೆ. ಮನೆ ಬಾಡಿಗೆ ಎಷ್ಟು, ಮೊದಲ ಚಳಿಗಾಲ ನಾಲ್ಕು ಗಂಟೆಗೇ ಕತ್ತಲಾದಾಗ ಹೇಗೆ ಅಳುತ್ತಿದ್ದೆ, ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು ಯಾರು. ಇದನ್ನೆಲ್ಲ ಫೋನಿನಲ್ಲಿ ಯಾವತ್ತೂ ಹೇಳಿರಲಿಲ್ಲ.

ಮುಂದಿನ ರೈಲಿನಲ್ಲಿ ಅಪ್ಪ ಏಳಲೇ ಇಲ್ಲ. ರಾನಾಕ್ ಮೂರ್ ಎಂಬ ಜೌಗು ಬಯಲು ಬಂತು. ಕಣ್ಣು ಹಾಯುವಷ್ಟೂ ಕಂದು ಹುಲ್ಲು, ಕಪ್ಪು ನೀರು. ನೆಲ ಎಷ್ಟು ಮೆದು ಎಂದರೆ, ಸೌದೆ, ಮರದ ಬೇರು, ಮಣ್ಣು ಸುರಿದು ಅದರ ಮೇಲೆ ಹಳಿ ಹಾಸಿದ್ದಾರಂತೆ. 1894ರಲ್ಲಿ ರೈಲು ಓಡಿತು. ನಡುವೆ ಕೊರೌರ್ ಎಂಬ ನಿಲ್ದಾಣ, 408 ಮೀಟರ್ ಎತ್ತರದಲ್ಲಿ. ಅದಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ. "ಇಲ್ಲಿ ಇಳಿದವ್ರು ಯಾರ ಮನೆಗೆ ಹೋಗ್ತಾರೆ?" ಎಂದಳು ಅಮ್ಮ. ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಬಯಲೇ. ಎಲ್ಲರೂ ಹೊಗಳುವ ಗ್ಲೆನ್‌ಫಿನ್ನನ್ ಸೇತುವೆ ಬಂದಾಗ ಬೋಗಿಯ ಜನರೆಲ್ಲ ಫೋನ್ ಹಿಡಿದು ಒಂದೇ ಕಡೆ ನುಗ್ಗಿದರು. 21 ಕಮಾನುಗಳ ಸೇತುವೆ, ನಿಜಕ್ಕೂ ಚಂದ. ಆದರೆ ನಮಗೆ ಕಂಡದ್ದು ಜನರ ಬೆನ್ನು.

ಅರಿಸೇಗ್‌ನಲ್ಲಿ ನಾಲ್ಕು ದಿನ ಇದ್ದೆವು. ಬಿಳಿ ಮರಳಿನ ಕಡಲ ತೀರ ನೋಡಿದೆವು. ಬ್ರಿಟನ್ನಿನಲ್ಲೇ ಅತಿ ಆಳದ ಲಾಕ್ ಮೋರಾರ್ ಕೆರೆಗೆ ಹೋದೆವು, 310 ಮೀಟರ್ ಆಳ. ಅದೆಲ್ಲ ಫೋಟೊದಲ್ಲಿದೆ. ನನ್ನೊಳಗೆ ಉಳಿದದ್ದು ಮೊದಲ ದಿನದ ಸಂಜೆ.

ಇನ್ವರ್ನೆಸ್‌ನಲ್ಲಿ ನರ್ಸ್ ಆಗಿರುವ ಪುತ್ತೂರಿನ ಗೆಳತಿ ಕಾರಿನಲ್ಲಿ ಬಂದಿದ್ದಳು. ಹೆಸರುಬೇಳೆ ಕೋಸಂಬರಿ, ಸೌತೆಕಾಯಿ ಹುಳಿ ತಂದಿದ್ದಳು. ಅವಳ ಅಮ್ಮನಿಗೆ ಮಂಡಿ ನೋವು, ಅಷ್ಟು ದೂರ ವಿಮಾನದಲ್ಲಿ ಕೂರಲು ಆಗುವುದಿಲ್ಲ. ಬಂದವಳು ಚಪ್ಪಲಿ ಬಿಟ್ಟು ಸೀದಾ ಅಮ್ಮನ ಕಾಲ ಬಳಿ ಕೂತಳು. "ಆಂಟೀ, ನನ್ನ ತಲೆಗೊಂದಿಷ್ಟು ಎಣ್ಣೆ ಹಚ್ತೀರಾ?" ಅಮ್ಮ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ತಂದಳು.

ಏಳು ಗಂಟೆಯಾಯಿತು, ಎಂಟಾಯಿತು. ಕಡಲಿನ ಮೇಲೆ ಬಿಸಿಲು ಹಾಗೇ ಇತ್ತು. ಎದುರಿಗೆ ಎಗ್, ರಮ್ ದ್ವೀಪಗಳು ನೀಲಿಯಾಗಿ ಕೂತಿದ್ದವು. ಅಮ್ಮ ಪುಟ್ಟ ಹಿತ್ತಾಳೆ ದೀಪ, ಬತ್ತಿ ತೆಗೆದಿಟ್ಟುಕೊಂಡು ಕಾಯುತ್ತಿದ್ದಳು. "ಮುಸ್ಸಂಜೆ ಆಗ್ಲಿ, ಹಚ್ತೀನಿ. ಆಮೇಲೆ ಊಟ." ಒಂಬತ್ತಾದರೂ ಆಗಲಿಲ್ಲ. ಗೆಳತಿ ಹೆರಿಗೆ ವಾರ್ಡಿನ ಕತೆ ಹೇಳಿದಳು. ಅಪ್ಪ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತ ರಾತ್ರಿಯ ಕತೆ ಹೇಳಿದರು. ಅಮ್ಮ ಅವಳ ಜಡೆ ಹಾಕಿ ಬಿಚ್ಚಿ, ಮತ್ತೆ ಹಾಕಿದಳು. ಇಡ್ತೀನಿ ಅನ್ನುವವರು ಯಾರೂ ಇರಲಿಲ್ಲ.

ಸೂರ್ಯ ಮುಳುಗಿದ್ದು ಹತ್ತೂ ಇಪ್ಪತ್ತರ ಹೊತ್ತಿಗೆ. ಬಾಡಿಗೆ ಮನೆಯ ಒಳಗೆ ಬೆಂಕಿ ಹಚ್ಚುವಂತಿಲ್ಲ. ಅಮ್ಮ ಹೊಸ್ತಿಲಿನಾಚೆ ಕಲ್ಲಿನ ಮೆಟ್ಟಿಲ ಮೇಲೆ, ಗಾಳಿಗೆ ಸೂಟ್‌ಕೇಸ್ ಅಡ್ಡ ಇಟ್ಟು ದೀಪ ಹಚ್ಚಿದಳು. ಗಾಳಿ ಬಿದ್ದದ್ದೇ ಇಲ್ಲಿಯ ಸಣ್ಣ ನುಸಿಗಳು ಮುಖಕ್ಕೆಲ್ಲ ಮುತ್ತಿಕೊಂಡವು. ಆದರೂ ಯಾರೂ ಒಳಗೆ ಹೋಗಲಿಲ್ಲ.

"ಊರಲ್ಲಿ ಈಗ ಎಷ್ಟು ಗಂಟೆ?" ಅಪ್ಪ ಕೇಳಿದರು.

"ಬೆಳಗಿನ ಜಾವ ಮೂರು."

"ಹಾಗಾದ್ರೆ ಇನ್ನೊಂದು ಸ್ವಲ್ಪ ಹೊತ್ತು ಕೂರೋಣ" ಎಂದಳು ಅಮ್ಮ. ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು.